ಕಂಬ ಇಳಿಯದ ಫಕೀರಪ್ಪ

ಮಲಪ್ರಭಾ ವಿದ್ಯುತ್ ಸಂಘದ ಗದಗು ವಿಭಾಗದಲ್ಲಿ ನಾಲ್ಕು ಗಣಕಜಾಲಗಳಿದ್ದವು. ನಾಲ್ಕೂ ಒಂದೇ ಸೂರಿನಡಿ ಇದ್ದು ಮಾತುಬಿಟ್ಟ ನೆಗೆಣ್ಣಿಯರ ಹಾಗೆ ಬಾಳುವೆ ಮಾಡಿಕೊಂಡು ಬಂದಿದ್ದವು. ಕಂಬಗಳ ಮೇಲಿನ ಸ್ವಿಚ್ಚುಗಳನ್ನು ನೋಡಿಕೊಳ್ಳುವುದು ಒಂದು, ಮನೆಮನೆಯ ಮೀಟರುಗಳನ್ನು ನೋಡಿಕೊಳ್ಳುವುದು ಒಂದು, ಜನರ ದೂರು ಕೇಳುವುದು ಒಂದು, ನೌಕರರ ಹಾಜರಿ, ರಜೆ, ಬಡ್ತಿ, ಸಾವು ಎಲ್ಲವನ್ನೂ ಬರೆದಿಡುವುದು ಇನ್ನೊಂದು. ಒಬ್ಬಳ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಇನ್ನೊಬ್ಬಳಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಮನೆ ನಡೆದಿತ್ತು ಎಂಬುದು ಕಸ್ತೂರಿಗೆ ಆಮೇಲೆ ತಿಳಿಯಿತು.

ನಾಲ್ಕನ್ನೂ ಒಂದುಮಾಡುವ ಹೊಸ ವ್ಯವಸ್ಥೆಗೆ ಹುಬ್ಬಳ್ಳಿಯ ಕೇಂದ್ರ ಕಚೇರಿಯವರು 'ಸಂಗಮ' ಎಂದು ಹೆಸರಿಟ್ಟಿದ್ದರು. ಗದಗಿನ ಲೈನ್‌ಮನ್ನುಗಳು ಅದನ್ನು ಬಂದ ವಾರದಲ್ಲೇ 'ಸಂಗಪ್ಪ ಸಾಹೇಬ್ರು' ಮಾಡಿಬಿಟ್ಟರು. ಸಂಗಪ್ಪ ಸಾಹೇಬರಿಗೆ ಒಂದೇ ಹಟ: ಒಂದು ವಸ್ತುವಿಗೆ ಒಂದು ಹೆಸರು, ಒಬ್ಬ ಮನುಷ್ಯನಿಗೆ ಒಂದು ಸ್ಥಿತಿ. ಒಂದು ಜಾಲದಲ್ಲಿ 'ಪಂಪು ಎಡ-ಮೂರು' ಎಂದಿರುವುದು, ಇನ್ನೊಂದರಲ್ಲಿ 'ರಾಚೋಟೇಶ್ವರ ಗುಡಿ ಹಿಂದಿನ ನೀರಿನ ಟಾಕಿ' ಎಂದಿರುವುದು ಒಂದೇ ಎಂದು ಯಾರಾದರೂ ಕೂತು ಹೇಳಿಕೊಡಬೇಕು. ಆ ಯಾರಾದರೂ ಕಸ್ತೂರಿಯೇ ಆಗಿದ್ದಳು. ಸಹಾಯಕ ಇಂಜಿನಿಯರ್ ಎಂಬ ಹುದ್ದೆಯ ಅರ್ಥವೇ ಅದು. ಬೇರೆ ಯಾರೂ ಒಪ್ಪದ ಕೆಲಸಕ್ಕೆ ಸಹಾಯ ಮಾಡುವುದು. ಬೇಸಿಗೆಯಿಡೀ ಹೀಗೆ ಹೆಸರಿಗೆ ಹೆಸರು ಜೋಡಿಸಿ ಜೋಡಿಸಿ ಅವಳ ಕಣ್ಣಿನ ನೀರೇ ಆರಿಹೋಗಿತ್ತು. ಬಜಾರಿನಲ್ಲಿ ತರಕಾರಿ ಕೊಳ್ಳುವಾಗಲೂ ಹೀರೇಕಾಯಿಗೆ ಇನ್ನೊಂದು ಜಾಲದಲ್ಲಿ ಏನೆನ್ನುತ್ತಾರೋ ಎಂದು ಯೋಚನೆ ಬರುವಷ್ಟು ದಣಿದಿದ್ದಳು.

ಕೊನೆಯ ತಾಲೀಮಿನ ದಿನ ಮಧ್ಯಾಹ್ನ ಸಂಗಮ ಎಲ್ಲವನ್ನೂ ನುಂಗಿಕೊಳ್ಳುತ್ತ ಬಂದು ಒಂದು ಹೆಸರಿನ ಹತ್ತಿರ ಗಕ್ಕನೆ ನಿಂತಿತು. ಪರದೆಯ ಮೇಲೆ ಮೂರು ಸಾಲು ಮೂಡಿದವು.

'ತಳವಾರ ಫಕೀರಪ್ಪ, ಲೈನ್‌ಮನ್. ಸೇವೆಯಲ್ಲಿರುವಾಗ ಮರಣ ಹೊಂದಿದ್ದಾರೆ. ಇದೇ ವ್ಯಕ್ತಿ ಈ ಕ್ಷಣ ಹಲವು ಕಂಬಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ಯಾವುದು ನಿಜ?'

ಕಸ್ತೂರಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಎದುರಿನ ಮೇಜಿನಲ್ಲಿ ದಾಕ್ಷಾಯಿಣಿ ಕೂತಿದ್ದಳು. ಫಕೀರಪ್ಪನ ಮಗಳು. ಅಪ್ಪ ತೀರಿಕೊಂಡ ಮೇಲೆ ಅನುಕಂಪದ ಮೇಲೆ ನೌಕರಿ ಸಿಕ್ಕು ನಿಯಂತ್ರಣ ಕೊಠಡಿಗೆ ಬಂದವಳು. ಅವಳೂ ತನ್ನ ಪರದೆಯ ಮೇಲೆ ಅದೇ ಮೂರು ಸಾಲು ನೋಡುತ್ತಿದ್ದಳು. ಮುಖದಲ್ಲಿ ಅಚ್ಚರಿ ಇರಲಿಲ್ಲ.

"ದಾಕ್ಷಿ, ಇದೇನವಾ?"

"ಮೇಡಂ, ಒಂದೀಟು ಚಾ ಕುಡದು ಬರೂಣ್ರಿ."

"ಚಾ ಆಮ್ಯಾಲ. ಇದನ್ನ ಹೇಳು."

"ಮೌಲಾಲಿ ಕಾಕಾ ಹೇಳ್ತಾರ್ರಿ. ನನಗ ಬಾಯಾಗ ಬರೂದಿಲ್ಲ."

ಮೌಲಾಲಿ ಲೈನ್ ಸೂಪರ್‌ವೈಸರ್. ನಿವೃತ್ತಿ ಹತ್ತಿರ ಬಂದಿತ್ತು. ಕರೆದರೆ ಬಂದವನು ಪರದೆ ನೋಡಿ, ಕುರ್ಚಿ ಎಳೆದುಕೊಂಡು, ಮೊಣಕಾಲು ಹಿಡಿದುಕೊಂಡು ಕೂತ. "ಆತು ಬಿಡ್ರಿ," ಎಂದ, "ಸಂಗಪ್ಪ ಸಾಹೇಬ್ರ ಮುಂದ ಎಷ್ಟ ದಿನ ಮುಚ್ಚಿಡಾಕ ಆಗ್ತದ."

ಅವನು ಹೇಳಿದ ಕಥೆಯ ಅರ್ಧ ಕಸ್ತೂರಿಗೆ ಮೊದಲೇ ಗೊತ್ತಿತ್ತು, ಎಲ್ಲರಿಗೂ ಗೊತ್ತಿರುವ ಅರ್ಧ. ಕಲ್ಲಿದ್ದಲಿನ ಸ್ಥಾವರಗಳು ಮುಚ್ಚಿದ ಮೇಲೆ ಹಗಲಿಗೆ ಸೂರ್ಯ, ಸಂಜೆಗೆ ಕಪ್ಪತಗುಡ್ಡದ ಗಾಳಿ ಎಂದಾಗಿತ್ತು. ಸೂರ್ಯ ಮುಳುಗಿ ಗಾಳಿ ಏಳುವ ತನಕ ನಡುವೆ ಒಂದು ಬರಿಗೈಯ ಹೊತ್ತು. ಆ ಹೊತ್ತಿನಲ್ಲಿ ಇದ್ದಷ್ಟು ಕರೆಂಟನ್ನು ಯಂತ್ರವೇ ಓಣಿ ಓಣಿಗೆ ಪಾಳಿ ಹಚ್ಚಿ ಹಂಚುತ್ತಿತ್ತು. ಅದಕ್ಕೆ 'ಸಂಜೆಯ ಹಂಚಿಕೆ' ಎಂದು ಹೆಸರು. ಯಾವ ಓಣಿ ಯಾವಾಗ ಕತ್ತಲಾಗುತ್ತದೆ ಎಂದು ಯಾರೂ ಹೇಳುವ ಹಾಗಿಲ್ಲ. ವಶೀಲಿ ನಡೆಯಬಾರದು ಎಂದೇ ಮನುಷ್ಯರ ಕೈಯಿಂದ ಅದನ್ನು ತೆಗೆದಿದ್ದರು. ಒಂದೇ ಒಂದು ವಿನಾಯಿತಿ ಇತ್ತು. ಜೀವಂತ ತಂತಿಯ ಮೇಲೆ ಮನುಷ್ಯ ಕೆಲಸ ಮಾಡುತ್ತಿದ್ದರೆ ಆ ತಂತಿಯನ್ನು ಯಂತ್ರ ಆರಿಸಲೂಬಾರದು, ಹಚ್ಚಲೂಬಾರದು. ಲೈನ್‌ಮನ್ ಕಂಬ ಹತ್ತುವ ಮೊದಲು ತನ್ನ ಹೆಸರಿನಲ್ಲಿ 'ಮುಟ್ಟಬೇಡ' ಎಂಬ ಗುರುತು ಹಾಕಿಸುತ್ತಾನೆ. ಅವನು ಇಳಿಯುವ ತನಕ ಯಂತ್ರ ಆ ಓಣಿಯ ತಂಟೆಗೆ ಹೋಗುವುದಿಲ್ಲ.

"ಬೆಟಗೇರ್ಯಾಗ ನೇಕಾರ ಗುರುಬಸಪ್ಪ ಅಂತ ಒಬ್ಬಾವ ಅದಾನ್ರಿ," ಮೌಲಾಲಿ ಹೇಳಿದ. "ಮಗ್ಗದ ಅಟ್ಟದ ಮ್ಯಾಲಿಂದ ಬಿದ್ದು ಕುತ್ತಿಗಿ ಮುರಕೊಂಡ. ಉಸರಾಡೂದೂ ಮಷಿನ್ನಿನಿಂದ. ಹಂಚಿಕಿ ಶುರುವಾದ ಮೊದಲನೇ ಸಂಜಿ ಅವನ ಹೇಣ್ತಿ ಸೆಕ್ಷನ್ ಆಫೀಸಿಗೆ ಓಡಿ ಬಂದ್ಲು. ನಮ್ಮ ಫಕೀರ ಏನೂ ಮಾತಾಡ್ಲಿಲ್ಲರಿ. ಹೋದ, ಆ ಓಣಿ ಕಂಬ ಹತ್ತಿದ, ಅಲ್ಲಿಂದನ ಫೋನ್ ಮಾಡಿ 'ನನ್ನ ಹೆಸರ‍್ಲೆ ಮುಟ್ಟಬ್ಯಾಡ ಹಾಕ್ರಿ' ಅಂದ. ಗಾಳಿ ಏಳೂಮಟಾ ಮ್ಯಾಲ ಕುಂತ. ಕೆಳಗ ಹಾದು ಹೋಗೂ ಹೆಣ್ಮಕ್ಕಳು 'ಏನ್ ರಿಪೇರಿ ಮಾಡಾಕತ್ತೀಯೋ ಯಣ್ಣಾ' ಅಂದ್ರ, 'ಕಾಗಿ ಸಂಸಾರ ನೋಡಾಕತ್ತೀನವಾ' ಅಂತಿದ್ದ."

ದಾಕ್ಷಾಯಿಣಿ ನಕ್ಕಳು. ನಕ್ಕು ಕಿಟಕಿಯ ಕಡೆ ತಿರುಗಿದಳು.

ಹೀಗೆ ದಿನಾ ಸಂಜೆ ಹತ್ತುತ್ತಿದ್ದ. ಒಂದು ಮಳೆಗಾಲ ಕಾಮಾಲೆಯಾಗಿ ಸತ್ತ. ಸತ್ತ ಮಾರನೆಯ ಸಂಜೆ ನಿಯಂತ್ರಣ ಕೊಠಡಿಯಲ್ಲಿ ಮೌಲಾಲಿಯ ಪಾಳಿ. ಸ್ವಿಚ್ ಜಾಲ ಪದ್ಧತಿಯ ಪ್ರಕಾರ ಕೇಳಿತು: 'ಫಕೀರಪ್ಪ ಮೇಲಿದ್ದಾರೆಯೇ?' ಮೌಲಾಲಿ ಹೌದು ಎಂದು ಒತ್ತಿದ. ಹಾಜರಿಯ ಜಾಲಕ್ಕೆ ಅವನು ಸತ್ತದ್ದು ಗೊತ್ತಿತ್ತು. ಸ್ವಿಚ್ ಜಾಲಕ್ಕೆ ಹೇಳುವವರು ಯಾರು? ಯಂತ್ರ ನಂಬಿತು. ಅಂದಿನಿಂದ ಎಲ್ಲಿ ಯಾರ ಮನೆಯಲ್ಲಿ ಉಸಿರಿನ ಯಂತ್ರ ಬಂದರೂ, ಕೂಸಿಗೆ ಕಾವು ಕೊಡುವ ಪೆಟ್ಟಿಗೆ ಬಂದರೂ, ವಿಭಾಗದಲ್ಲಿ ಒಂದೇ ಮಾತು: 'ಫಕೀರಪ್ಪನ್ನ ಹತ್ತಿಸ್ರಿ.' ಪಾಳಿ ಬದಲಾಗುವಾಗ ಇಳಿಯುವವರು ಬರುವವರಿಗೆ ಕೀಲಿಕೈ ಕೊಟ್ಟು, 'ಫಕೀರಪ್ಪ ಮ್ಯಾಲ ಅದಾನ' ಎಂದು ಹೇಳಿಯೇ ಹೋಗಬೇಕು ಎಂಬುದು ರೂಢಿಯಾಯಿತು. ದಾಕ್ಷಾಯಿಣಿ ಬಂದ ಮೇಲೆ ಸಂಜೆ ಹೌದು ಎಂದು ಒತ್ತುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂತು. ಯಾರೂ ಕೊಟ್ಟಿರಲಿಲ್ಲ. ಅವಳೂ ಕೇಳಿರಲಿಲ್ಲ.

ಕಸ್ತೂರಿ ನಕಾಶೆ ತೆರೆದಳು. ಫಕೀರಪ್ಪ ಹತ್ತಿದ ಕಂಬಗಳೆಲ್ಲ ಊರ ತುಂಬ ಕುಂಕುಮ ಎರಚಿದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡುತ್ತ ಹೋದಳು. ಮುಳಗುಂದ ನಾಕಾದ ಹತ್ತಿರ ಒಂದು ಐಸ್‌ಕ್ರೀಮ್ ಗೋದಾಮು. ಒಂದು ಕಲ್ಯಾಣ ಮಂಟಪ.

"ಮೌಲಾಲಿ, ಐಸ್‌ಕ್ರೀಮ್ ಯಾರ ಉಸರಾಡ್ಸಾಕ?"

ಮೌಲಾಲಿ ಮೇಲೆ ಫ್ಯಾನು ನೋಡಿದ. "ಅದು ನಾವಲ್ರಿ. ಹಿಂದಿನ ಸಾಹೇಬ್ರು ಹತ್ತಿಸಿದ್ರು. ನಾವು ಬ್ಯಾಡ ಅಂದ್ರ ನಮ್ಮವೂ ಎಲ್ಲಾ ಹೊರಗ ಬೀಳ್ತಿದ್ವಲ್ರಿ."

ಕೆಂಪು ಚುಕ್ಕೆಗಳ ನಡುವೆ ಕಡ್ಲಿ ಓಣಿಯ ಕಂಬವೂ ಇತ್ತು. ಕಸ್ತೂರಿಯ ಬೆರಳು ಅಲ್ಲಿಯೇ ನಿಂತಿತು. ಅದು ಅವಳ ಮನೆಯ ಓಣಿ. ಅವಳ ಅವ್ವನ ಆಕ್ಸಿಜನ್ ಮಷಿನ್ ಓಡುವ ಮನೆ. ಸುತ್ತಲಿನ ಓಣಿಗಳೆಲ್ಲ ಆರಿದರೂ ತಮ್ಮದು ಆರದೆ ಇರುವುದಕ್ಕೆ ನೀರಿನ ಟಾಕಿಯ ತಂತಿ ಅಲ್ಲಿ ಹಾದುಹೋಗಿರುವುದೇ ಕಾರಣ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಯಾರಾದರೂ ಕೇಳಿದರೆ ಹಾಗೆಂದೇ ಹೇಳಿಯೂ ಇದ್ದಳು.

ಅವಳು ತಲೆ ಎತ್ತಿದಾಗ ಮೌಲಾಲಿ ಎದ್ದು ಹೋಗಿದ್ದ. ದಾಕ್ಷಾಯಿಣಿ ಮಾತ್ರ ತನ್ನ ಪರದೆಯಲ್ಲಿ ಏನೂ ಇಲ್ಲದ್ದನ್ನು ಬಲು ಲಕ್ಷ್ಯ ಕೊಟ್ಟು ಓದುತ್ತಿದ್ದಳು.

*

ಅವ್ವ ಬಸಲಿಂಗವ್ವ ಹರೆಯದಿಂದ ಹತ್ತಿ ಗಿರಣಿಯಲ್ಲಿ ದುಡಿದವಳು. ಗಿರಣಿ ಮುಚ್ಚಿ ಯಾವ ಕಾಲವಾಯಿತೋ, ಅದರ ಅರಳೆ ಮಾತ್ರ ಎದೆಯಲ್ಲಿ ಉಳಿದುಬಿಟ್ಟಿತ್ತು. ಮೂಗಿಗೆ ನಳಿಗೆ ಹಚ್ಚಿಕೊಂಡು, ಗೋಡೆಗೆ ಆತು ಕೂತು, ಅಲ್ಲಿಂದಲೇ ಓಣಿಯ ಸುದ್ದಿಯನ್ನೆಲ್ಲ ಆಳುತ್ತಿದ್ದಳು. ಯಂತ್ರ ಕೋಣೆಯ ಮೂಲೆಯಲ್ಲಿ ಮುದಿ ಎಮ್ಮೆಯ ಹಾಗೆ ಸುಯ್ಯೆನ್ನುತ್ತಿತ್ತು.

"ಮಾರಿ ಯಾಕ ಹಿಂಗ ಇಳದೈತಿ?" ಅವ್ವ ಕೇಳಿದಳು.

"ಕೆಲಸವಾ."

"ದಿನಾ ಕೆಲಸ ಇರ್ತೈತಿ. ಇವತ್ತಿನ ಮಾರಿ ಬ್ಯಾರೆ ಐತಿ."

ಕಸ್ತೂರಿ ಅಡಿಗೆಮನೆಗೆ ಹೋಗಿ ರೊಟ್ಟಿಯ ಹಿಟ್ಟು ನಾದತೊಡಗಿದಳು. ಹೇಳುವುದಾದರೂ ಏನನ್ನು? ನಿನ್ನ ಉಸಿರಿಗೆ ಸತ್ತವನೊಬ್ಬ ಕಂಬದ ಮೇಲೆ ಕಾವಲಿದ್ದಾನೆ, ನಾಳೆ ನಾನು ಅವನನ್ನು ಇಳಿಸಬೇಕಾಗಿದೆ ಎಂದೇ? ಹಿಟ್ಟು ಕೈಗೆ ಅಂಟಿಕೊಂಡಿತು. ನೀರು ಹೆಚ್ಚಾಗಿತ್ತು. ಈ ಚಾಕರಿ ಸೇರಿದಂದಿನಿಂದ ಅವಳು ಯಾರಿಗೂ ವಶೀಲಿ ಮಾಡಿದವಳಲ್ಲ, ಯಾರಿಂದಲೂ ಮಾಡಿಸಿಕೊಂಡವಳಲ್ಲ. ಅದೊಂದೇ ಅವಳಿಗಿದ್ದ ಸೊಕ್ಕು. ಈಗ ನೋಡಿದರೆ ದಿನಾ ಸಂಜೆ ಅವಳ ಮನೆಗೆ ವಶೀಲಿ ನಡೆದಿತ್ತು, ಅದೂ ಅವಳೆದುರಿಗೇ ಕೂತ ಹುಡುಗಿಯ ಬೆರಳಿನಿಂದ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕು.

"ಪಕ್ಕದ ಓಣಿ ಮಲ್ಲವ್ವ ಬಂದಿದ್ಲು," ಅವ್ವ ಒಳಗಿನಿಂದ ಕೂಗಿದಳು. "ನಿಮ್ಮ ಮಗಳು ಕರೆಂಟಿನ ಆಫೀಸಿನ್ಯಾಕಿ, ನಿಮಗೇನ್ ಬಿಡವಾ ದಿನಾ ದೀಪಾವಳಿ ಅಂದ್ಲು. ಟಾಕಿ ತಂತಿ ಐತಿ ಅಂತ ಹೇಳಿ ಕಳಿಸಿದೆ. ಅಲ್ಲೇನು?"

"ಹೌದು," ಎಂದಳು ಕಸ್ತೂರಿ.

*

ಮರುದಿನ ಹುಬ್ಬಳ್ಳಿಯಿಂದ ಜಯತೀರ್ಥ ಬಂದ. ಸಂಗಮದ ಇಡೀ ಜವಾಬ್ದಾರಿ ಅವನದು. ಏಳು ವಿಭಾಗಗಳನ್ನು ಕೂಡಿಸಿ ಮುಗಿಸಿ ಎಂಟನೆಯದಕ್ಕೆ ಬಂದಿದ್ದ. ಅವನ ಕಣ್ಣ ಕೆಳಗೂ ಕಸ್ತೂರಿಗಿದ್ದಂಥವೇ ಕಪ್ಪು ಉಂಗುರಗಳಿದ್ದವು. ಮೌಲಾಲಿಯ ಕಥೆಯನ್ನು ಪೂರ್ತಿ ಕೇಳಿದ. ಬೈಯಲಿಲ್ಲ.

"ಎಲ್ಲಾ ವಿಭಾಗದಾಗೂ ಇಂಥದೊಂದು ಇರ್ತದ್ರಿ," ಎಂದ. "ಹಾವೇರ್ಯಾಗ ಒಂದು ಟ್ರಾನ್ಸ್‌ಫಾರ್ಮರ್ ಇತ್ತು, ಕಾಗದದ ಮ್ಯಾಲೆ ಸುಟ್ಟು ಹೋದದ್ದು, ನಿಜವಾಗಿ ಒಂದು ಬಾಣಂತಿ ವಾರ್ಡಿಗೆ ಕರೆಂಟ್ ಕೊಡ್ಲಿಕ್ಕೆ ಹತ್ತಿತ್ತು. ಸುಳ್ಳು ಅಂದ್ರ ಸುಳ್ಳು, ಪುಣ್ಯ ಅಂದ್ರ ಪುಣ್ಯ. ಆದ್ರ ಸಂಗಮಕ್ಕ ಎರಡೂ ಒಳಗ ಹಿಡಿಸೂದಿಲ್ಲ. ನೀವೇ ನೋಡ್ರಿ. ಫಕೀರಪ್ಪ ಬದುಕ್ಯಾನ ಅಂತ ಬರದ್ರ, ಈ ತಂಗೀ ನೌಕರಿ ಹೋಗ್ತದ. ಸತ್ತಾನ ಅಂತ ಬರದ್ರ, ಅವನ ಗುರುತೆಲ್ಲಾ ತಾವ ಅಳಿಸಿ ಹೋಗ್ತಾವ."

"ಉಸರಿನ ಮಷಿನ್ ಇದ್ದ ಮನಿಗೆ ಬ್ಯಾರೆ ದಾರಿ ಇಲ್ಲೇನ್ರಿ ಸರ್?" ಕಸ್ತೂರಿ ಕೇಳಿದಳು.

"ಅದ. ಜಿಲ್ಲಾ ಸಮಿತಿ ಕೂಡಬೇಕು, ಡಾಕ್ಟರು ಬಂದು ನೋಡಬೇಕು, ಮಂಜೂರಾಗಬೇಕು. ಅರ್ಜಿ ಇವತ್ತ ಕೊಡಸ್ರಿ. ಸಮಿತಿ ಕೂಡೂದು ದಸರಾ ಆದ ಮ್ಯಾಲೆ."

"ಅಲ್ಲೀತನಕ?"

ಜಯತೀರ್ಥ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಮೇಡಂ, ನಾಳಿನ ಸಂಜಿ ಹಂಚಿಕಿ ಸಂಗಮನ ಮಾಡ್ತದ. ಮುಂದಕ್ಕ ಹಾಕೂದು ನನ್ನ ಕೈಯಾಗ ಇಲ್ಲ. ನಾ ಹೇಳೂದು ಇಷ್ಟ. ಸಂಗಮಕ್ಕ ಬೇಕಾಗಿದ್ದು, ಕಂಬದ ಮ್ಯಾಲೆ ಇರೂ ಮನುಷ್ಯಾ ಜೀವಂತ ಇರಬೇಕು, ಸೇವಾದಾಗ ಇರಬೇಕು, ಒಂದು ಸಲಕ್ಕ ಒಂದ ಕಂಬದ ಮ್ಯಾಲೆ ಇರಬೇಕು. ಅವ ಎಲ್ಲಿ ನಿಂತಾನ ಅಂತ ನೋಡೂದನ್ನ ಅದಕ್ಕ ನಾವಿನ್ನೂ ಕಲಿಸಿಲ್ಲ. ಮುಂದಿನ ವರ್ಷ ಕಲಿಸ್ತೀವಿ." ಎದ್ದು ನಿಂತ. "ನಾ ಊಟಕ್ಕ ಹೋಗ್ತೀನಿ. ಬರೂದರಾಗ ಆ ತಳವಾರಂದು ಒಂದು ತೀರ್ಮಾನ ಆಗಿರಲಿ."

ಅವನು ಹೋದ ಮೇಲೆ ಮೌಲಾಲಿ ನಿಧಾನಕ್ಕೆ ಅಂದ, "ಹುಬ್ಬಳ್ಳಿ ಭಟ್ರು ಭಾರೀ ಶಾಣ್ಯಾ ಅದಾರ. ನೋಡೂದೂ ಇಲ್ಲ, ನೋಡಿಲ್ಲ ಅನ್ನೂದೂ ಇಲ್ಲ."

ಸೆಕ್ಷನ್ ಆಫೀಸುಗಳಿಂದ ಒಬ್ಬೊಬ್ಬರನ್ನೇ ಕರೆಸಿದರು. ಮೌಲಾಲಿ ವಿಷಯ ಹೇಳಿದ. ಜಯತೀರ್ಥ ಹೇಳದೆ ಬಿಟ್ಟ ತೊಡಕನ್ನು ಕಸ್ತೂರಿ ಸಂಗಮದ ನಿಯಮಗಳಲ್ಲಿ ಓದಿ ಹೇಳಿದಳು. ಹಳೆಯ ಜಾಲ ಸಂಜೆಗೊಮ್ಮೆ ನಿಯಂತ್ರಣ ಕೊಠಡಿಯನ್ನು ಕೇಳಿ ಸುಮ್ಮನಾಗುತ್ತಿತ್ತು. ಸಂಗಮ ಕಂಬ ಹತ್ತಿದವನನ್ನೇ ಕೇಳುತ್ತದೆ, ಅವನದೇ ಫೋನಿನಲ್ಲಿ, ಮೇಲಿಂದ ಮೇಲೆ: 'ಮೇಲಿದ್ದೀರಾ? ಕ್ಷೇಮವೇ?' ಉತ್ತರ ಬಾರದಿದ್ದರೆ ಮನುಷ್ಯನಿಗೆ ಶಾಕ್ ಹೊಡೆದಿದೆ ಎಂದು ತಿಳಿದು ಆ ಕ್ಷಣವೇ ತಂತಿ ಆರಿಸುತ್ತದೆ. ಆಂಬುಲೆನ್ಸನ್ನೂ ಕಳಿಸುತ್ತದೆ.

"ಅಂದ್ರ ಸಂಜಿ ಊಟಕ್ಕ ಕುಂತ್ರೂ ಕೈಯಾಗ ಫೋನು," ಎಂದ ಒಬ್ಬ.

"ಸಂಡಾಸಕ್ಕ ಹೋದ್ರೂ," ಎಂದ ಇನ್ನೊಬ್ಬ.

"ಫಕೀರಪ್ಪಂದು ಬೇಷಿತ್ತು ನೋಡು. ಸತ್ತಾವಗ ಹಸಿವಿಲ್ಲ, ದಣಿವಿಲ್ಲ."

ಯಾರೂ ನಗಲಿಲ್ಲ. ಆದರೆ ಮೌಲಾಲಿಯಿಂದ ಹಿಡಿದು ಒಬ್ಬೊಬ್ಬರಾಗಿ ಹೆಸರು ಕೊಟ್ಟರು. ಕೊಡುವಾಗಲೂ ಗೊಣಗುತ್ತಲೇ ಕೊಟ್ಟರು. ಸ್ಟೋರಿನ ಗುಮಾಸ್ತ ಕಂಬ ಹತ್ತುವವರ ಪೈಕಿ ಅಲ್ಲವಾದ್ದರಿಂದ ಅವನನ್ನು ಸಂಗಮ ಒಪ್ಪಲಿಲ್ಲ. ಅವನು ಅದಕ್ಕೆ ತುಸು ಬೇಜಾರಾದಂತೆ ತೋರಿ ತುಸು ನಿರುಮ್ಮಳವಾಗಿ ಹೊರಗೆ ಹೋದ.

ಆಮೇಲೆ, ಮರುದಿನದಿಂದ ಜಾರಿಗೆ ಬರುವಂತೆ, ಇಳಿಸುವ ಕೆಲಸ. ಗುರುತು ತೆಗೆಯಬೇಕಾದರೆ ಕೊನೆಯ ಸಲ ಮೇಲಿದ್ದಾನೆ ಎಂದವರೇ ಇಳಿದ ಎನ್ನಬೇಕು. ಪದ್ಧತಿ ಹಾಗಿತ್ತು. ದಾಕ್ಷಾಯಿಣಿ ಕುರ್ಚಿ ಮುಂದೆ ಎಳೆದುಕೊಂಡಳು. ಹಳೆಯ ಜಾಲ ಕೇಳಿತು: 'ಫಕೀರಪ್ಪ ಇಳಿದಿದ್ದಾರೆಯೇ?' ಮೊದಲು ಐಸ್‌ಕ್ರೀಮ್ ಗೋದಾಮು. ಇಳಿದ. ಕಲ್ಯಾಣ ಮಂಟಪ. ಇಳಿದ. ಅವೆರಡಕ್ಕೂ ಬದಲಿ ಯಾರೂ ಹತ್ತಲಿಲ್ಲ. ಅಲ್ಲಿಂದ ಮುಂದೆ ಒಂದೊಂದು ಕಂಬದಿಂದ ಫಕೀರಪ್ಪ ಇಳಿದಂತೆಲ್ಲ ಕಸ್ತೂರಿ ಒಂದೊಂದು ಜೀವಂತ ಹೆಸರನ್ನು ಹತ್ತಿಸುತ್ತ ಹೋದಳು. ನಕಾಶೆಯಲ್ಲಿ ಕೆಂಪು ಆರುತ್ತಿತ್ತು, ಹಸಿರು ಮೂಡುತ್ತಿತ್ತು. ದಾಕ್ಷಾಯಿಣಿಯ ಬೆರಳು ಎಲ್ಲಿಯೂ ತಡೆಯಲಿಲ್ಲ. ನಡುವೆ ಒಮ್ಮೆ ಮಾತ್ರ ಅಂದಳು, "ಮನ್ಯಾಗ ಸತ್ತಾಗ ಇಷ್ಟ ಹೊತ್ತು ಹಿಡೀಲಿಲ್ಲರಿ ಮೇಡಂ."

ಹೆಸರುಗಳು ಮುಗಿದಾಗ ಎರಡು ಕಂಬಗಳು ಉಳಿದಿದ್ದವು. ಒಂದು ಗುರುಬಸಪ್ಪನ ಓಣಿ, ಇನ್ನೊಂದು ಕಡ್ಲಿ ಓಣಿ. ಉಳಿದ ಜೀವಗಳೂ ಎರಡೇ: ಕಸ್ತೂರಿ, ದಾಕ್ಷಾಯಿಣಿ. ಇಬ್ಬರೂ ತರಬೇತಿಯಲ್ಲಿ ಕಂಬ ಹತ್ತಿ ಪಾಸಾದವರು. ಸಂಗಮ ಇಬ್ಬರನ್ನೂ ಒಪ್ಪುತ್ತಿತ್ತು. ಲೆಕ್ಕ ಸರಿಹೋಯಿತು ಎಂದುಕೊಂಡು ಕಸ್ತೂರಿ ಬೆಟಗೇರಿಗೆ ತನ್ನ ಹೆಸರು ಹಾಕಿದಳು. ದಾಕ್ಷಾಯಿಣಿ ಕಡ್ಲಿ ಓಣಿಗೆ ತನ್ನ ಹೆಸರು ಹಾಕಿದಳು.

ಆಗ ಮೌಲಾಲಿಗೆ ಒಂದು ಫೋನು ಬಂತು. ಹೊರಗೆ ನಿಂತು ಮಾತಾಡಿ ಒಳಗೆ ಬಂದು ಬಾಗಿಲಿನಲ್ಲೇ ನಿಂತ. ಬೆಟಗೇರಿಯದೇ ಇನ್ನೊಂದು ಮನೆ, ದೊಡ್ಡಾಸ್ಪತ್ರೆಯಿಂದ ಈಗ ತಾನೆ ಕೂಸನ್ನು ಮನೆಗೆ ಕಳಿಸಿದ್ದರು. ತಿಂಗಳು ತುಂಬದೆ ಹುಟ್ಟಿದ್ದು, ಕಾವಿನ ಪೆಟ್ಟಿಗೆಯೊಳಗೆ.

"ಯಾರರೆ ಉಳದಾರೇನ್ರಿ?" ಎಂದ.

ಕೋಣೆಯಲ್ಲಿ ಯಂತ್ರಗಳ ತಂಪು ಗಾಳಿ ಒಂದೇ ಸಮ ಬೀಸುತ್ತಿತ್ತು. ಕಸ್ತೂರಿ ದಾಕ್ಷಾಯಿಣಿಯ ಕಡೆ ನೋಡಲಿಲ್ಲ.

"ಕಡ್ಲಿ ಓಣಿಯಿಂದ ನಿನ್ನ ಹೆಸರು ತಗೀ," ಎಂದಳು. "ಕೂಸಿನ ಮನಿಗೆ ಹಾಕು."

"ಮೇಡಂ, ಅವ್ವಾರು..."

"ಅವ್ವಗ ಸಿಲಿಂಡರ್ ಐತಿ. ಆ ಹೊತ್ತು ನೀಗಸ್ತೈತಿ. ಕೂಸಿಗೆ ಏನೈತಿ?"

"ಸಿಲಿಂಡರ್ ಬದ್ಲಿಸೂದು ಭಾಳ ತ್ರಾಸರಿ. ನಮ್ಮ ಅಜ್ಜಿಗೆ ನಾ ಮಾಡೇನಿ. ಒಂದು ಕ್ಷಣ ತಡಾ ಆದ್ರ..."

"ದಾಕ್ಷಿ." ಕಸ್ತೂರಿಯ ದನಿ ಏರಲಿಲ್ಲ, ಇನ್ನಷ್ಟು ಇಳಿಯಿತು. "ಇಷ್ಟ ದಿನ ನೀ ಒತ್ತೀದಿ. ನನಗೊಂದು ಮಾತೂ ಹೇಳ್ಲಿಲ್ಲ. ಹೇಳಿದ್ರ ನಾ ಬ್ಯಾಡ ಅಂತಿದ್ದೆ ಅಂತ ನಿನಗ ಗೊತ್ತಿತ್ತು. ಇವತ್ತ ನಾ ಕೇಳಾಕತ್ತೀನಿ. ತಗೀ."

ದಾಕ್ಷಾಯಿಣಿ ಕಡ್ಲಿ ಓಣಿಯಿಂದ ಹೆಸರು ತೆಗೆದಳು. ಕೂಸಿನ ಮನೆಗೆ ಹಾಕಿದಳು.

ಊಟ ಮುಗಿಸಿ ಬಂದ ಜಯತೀರ್ಥ ನಕಾಶೆ ನೋಡಿದ. ಹಸಿರು ಚುಕ್ಕೆಗಳ ಕಡೆ ಒಂದು ಗಳಿಗೆ ಹೆಚ್ಚೇ ನೋಡಿದ. "ಗದಗಿನಾಗ ಭಾಳ ರಿಪೇರಿ ನಡದಾವ," ಎಂದು ಹೇಳಿ, ಸಹಿ ಮಾಡಿ, ಮುಂದಿನ ಊರಿನ ಬಸ್ಸು ಹಿಡಿಯಲು ಹೋದ.

*

ಮರುದಿನ ಕಪ್ಪತಗುಡ್ಡದ ಮೇಲೆ ಗಾಳಿ ಎಳ್ಳಷ್ಟೂ ಇರಲಿಲ್ಲ. ಹಿಂದಿನ ರಾತ್ರಿಯೇ ಕಸ್ತೂರಿ ಅವ್ವನಿಗೆ ಎಲ್ಲ ಹೇಳಿದ್ದಳು, ಟಾಕಿ ತಂತಿಯ ಸುಳ್ಳಿನಿಂದ ಹಿಡಿದು. ಕೊನೆಗೆ ಅವ್ವ ಕೇಳಿದ್ದಳು, "ಎಲ್ಲಾರ ಮನಿಗೂ ಒಬ್ಬೊಬ್ಬರು ಹತ್ತ್ಯಾರ. ನಮ್ಮ ಮನಿಗೆ?"

ಕಸ್ತೂರಿ ಮೂಲೆಯ ಸಿಲಿಂಡರಿನ ಕಡೆ ಕೈ ತೋರಿಸಿದ್ದಳು. ಅವ್ವ ಗೋಡೆಯ ಕಡೆ ಹೊರಳಿ ಮಲಗಿದ್ದಳು. ಬೆಳಿಗ್ಗೆ ಕೊಟ್ಟ ಚಹಾವನ್ನೂ ಆರಿಹೋಗುವ ತನಕ ಮುಟ್ಟಲಿಲ್ಲ. ಮಗಳಾದವಳು ಊರಿಗೆಲ್ಲ ಕೊಟ್ಟು ಮನೆಗೆ ಮಾತ್ರ ಇಲ್ಲ ಅಂದಳು ಎಂಬ ನೋವು ಅವ್ವನಿಗೆ ಇರಬಾರದೆಂದು ಹೇಳುವ ಹಕ್ಕು ತನಗೆಲ್ಲಿದೆ ಎಂದು ಕಸ್ತೂರಿ ದಿನವಿಡೀ ಯೋಚಿಸಿದಳು. ಆಫೀಸಿನಿಂದ ಬೇಗ ಬಂದು, ಸಿಲಿಂಡರನ್ನು ಹಾಸಿಗೆಯ ಪಕ್ಕಕ್ಕೆ ಎಳೆದು, ನಳಿಗೆ ಜೋಡಿಸುವುದನ್ನು ಎರಡು ಸಲ ರೂಢಿ ಮಾಡಿ ನೋಡಿದಳು.

ಮುಸ್ಸಂಜೆ ಆಯಿತು. ಮಲ್ಲವ್ವನ ಓಣಿ ಆರಿತು. ಅದರಾಚೆಯದು ಆರಿತು. ಕಸ್ತೂರಿಯ ಫೋನು ಗುಣುಗುಣು ಎಂದಿತು. 'ಮೇಲಿದ್ದೀರಾ? ಕ್ಷೇಮವೇ?' ಹೌದು ಎಂದು ಒತ್ತಿದಳು. ಬೆಟಗೇರಿಯಲ್ಲಿ ಗುರುಬಸಪ್ಪನ ಎದೆ ಏರಿಳಿಯುತ್ತಿತ್ತು. ಮತ್ತೆ ಸ್ವಲ್ಪ ಹೊತ್ತಿಗೆ ಕೇಳಿತು. ಮತ್ತೆ ಒತ್ತಿದಳು.

ಆಮೇಲೆ ಕಡ್ಲಿ ಓಣಿ ಆರಿತು.

ಯಂತ್ರದ ಸುಯ್ಯೆನ್ನುವ ಸದ್ದು ನಿಂತಾಗಲೇ ಅದು ಇಷ್ಟು ವರ್ಷ ಎಷ್ಟು ದೊಡ್ಡದಾಗಿತ್ತು ಎಂದು ತಿಳಿದದ್ದು. ಕಸ್ತೂರಿ ಬ್ಯಾಟರಿ ಹಚ್ಚಿ ಹಾಸಿಗೆಯ ಮೇಲಿಟ್ಟು ನಳಿಗೆ ಕಿತ್ತಳು. ಸಿಲಿಂಡರಿನ ಚಾವಿ ತಿರುಗಿಸಿದಳು. ತಿರುಗಲಿಲ್ಲ. ಮಧ್ಯಾಹ್ನ ಅಷ್ಟು ಸಲೀಸಾಗಿ ತಿರುಗಿದ್ದು ಈಗ ಬೆವರಿದ ಕೈಯಲ್ಲಿ ಜಾರುತ್ತಿತ್ತು. ಅವ್ವನ ಬಾಯಿ ತೆರೆದುಕೊಂಡಿತು. ಸೆರಗಿನಿಂದ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಊರಿ ತಿರುಗಿಸಿದಳು.

ಫೋನು ಗುಣುಗುಣು ಎಂದಿತು.

ಅದು ಹಾಸಿಗೆಯ ಮೇಲೆ, ಅವ್ವನ ತೊಡೆಯ ಹತ್ತಿರ ಬಿದ್ದಿತ್ತು. ಕಸ್ತೂರಿಯ ಎರಡೂ ಕೈ ಚಾವಿಯ ಮೇಲಿದ್ದವು. ಒಂದು ಕೈ ಬಿಟ್ಟರೆ ಇಷ್ಟು ತಿರುಗಿದ್ದೂ ಹೋದಂತೆ. ಫೋನು ಇನ್ನೊಮ್ಮೆ ಎಂದಿತು. ಅವಳ ಮೈಯಿಡೀ ಎರಡು ಹೋಳಾದಂತಾಗಿ ಎತ್ತಲೂ ಅಲುಗಲಿಲ್ಲ.

ಬ್ಯಾಟರಿಯ ಬೆಳಕಿನಲ್ಲಿ ಒಂದು ಕೈ ಚಾಚಿಕೊಂಡಿತು. ಹತ್ತಿ ಬಿಡಿಸಿ ಬಿಡಿಸಿ ಗಂಟುಗಟ್ಟಿದ ಬೆರಳುಗಳು ಫೋನನ್ನು ತಡವಿ ಹಿಡಿದವು.

"ಏನಂತ..." ಅವ್ವ ಉಸಿರಿಗಾಗಿ ನಿಂತಳು. "ಏನಂತ ಒತ್ತಲಿ?"

"ಹಸರು ಬಣ್ಣದ್ದು. ಮ್ಯಾಲ ಅದೀನಿ ಅಂತ."

ಬಸಲಿಂಗವ್ವ ಒತ್ತಿದಳು. ಚಾವಿ ಕಟಕ್ಕೆಂದು ತಿರುಗಿ ಗಾಳಿ ಸುಸ್ಸೆಂದಿತು. ಕಸ್ತೂರಿ ನಳಿಗೆಯನ್ನು ಅವ್ವನ ಮೂಗಿಗೆ ಹಚ್ಚಿ, ಅಲ್ಲಿಯೇ ನೆಲದ ಮೇಲೆ ಕುಸಿದು, ಮಂಚದ ಕಾಲಿಗೆ ಆತು ಕೂತಳು. ಬಹಳ ಹೊತ್ತು ಇಬ್ಬರ ಉಸಿರೂ ಒಂದನ್ನೊಂದು ಹುಡುಕುತ್ತಿದ್ದಂತಿತ್ತು.

ಕೈ ಮುಂದೆ ಮಾಡಿ ಕಸ್ತೂರಿ ಫೋನು ಕೇಳಿದಳು. ಅವ್ವ ಕೊಡಲಿಲ್ಲ.

"ನೀ ತಟಗ ಕಣ್ಣು ಮುಚ್ಚು," ಎಂದಳು. "ಗಾಳಿ ಏಳೂಮಟಾ ನಾ ಮ್ಯಾಲ ಇರ್ತೀನಿ."